ಪೆಟ್ಟಿಗೆಯಲ್ಲಿ ಉಳಿದ ಎಚ್‌-1ಬಿ ಮಂಜೂರಾತಿ: ಮತ್ತೆ ಬಳಸಬಹುದೇ?

ಪಳನಿ: ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಕೆಲಸದ ಅರ್ಜಿಯಲ್ಲಿ ಇಂಗ್ಲಿಷ್. ಕಂಬಂ ಕಣಿವೆಯಿಂದ ದಿಂಡುಕ್ಕಲ್‌ವರೆಗೆ ಹರಡಿರುವ ಕನ್ನಡ ಮಾತನಾಡುವ ಒಕ್ಕಲಿಗ, ಕಪ್ಪಿಲಿಯ, ಅನುಪ್ಪ ಕುಟುಂಬಗಳ ಮಕ್ಕಳ ಪಾಡು ಇದು. ದ್ರಾಕ್ಷಿ ತೋಟದ, ಸೀಬೆ ತೋಟದ ಆದಾಯದಲ್ಲಿ ಇಂಜಿನಿಯರಿಂಗ್ ಓದಿ, ಬೆಂಗಳೂರು ಇಲ್ಲವೇ ಚೆನ್ನೈ ಸೇರಿ, ಅಲ್ಲಿಂದ ಅಮೆರಿಕದ ಕಡೆ ಮುಖ ಮಾಡಿದವರು ಕಡಿಮೆಯೇನಲ್ಲ. ಹಾಗೆ ಮುಖ ಮಾಡಿದವರೆಲ್ಲ ವಿಮಾನ ಹತ್ತಿದರು ಎಂದೇನೂ ಇಲ್ಲ. ಕೆಲವರಿಗೆ ಅಮೆರಿಕದ ಕೆಲಸದ ವೀಸಾಕ್ಕೆ ಮಂಜೂರಾತಿ ಬಂದೂ ಹೋಗಲಾಗಲಿಲ್ಲ. ಇನ್ನು ಕೆಲವರು ಹೋಗಿ, ಒಂದೆರಡು ವರ್ಷ ದುಡಿದು, ಮನೆಯ ಕಾರಣಕ್ಕೋ ಕೆಲಸ ಹೋದ ಕಾರಣಕ್ಕೋ ಹಿಂದಿರುಗಿದರು. ಆ ಮಂಜೂರಾತಿ ಕಾಗದ ಮಾತ್ರ ಪಟ್ಟಾ, ಜಾತಕಗಳ ಜೊತೆ ಪೆಟ್ಟಿಗೆಯಲ್ಲಿ ಭದ್ರವಾಗಿದೆ.

ಈಗ ಪ್ರಶ್ನೆ ಇಷ್ಟೇ. ಆ ಹಳೆಯ ಕಾಗದಕ್ಕೆ ಬೆಲೆ ಇದೆಯೇ? ‘ನಿಮ್ಮ ಹಳೆ ಅಪ್ರೂವಲ್ ಇದ್ದರೆ ಲಾಟರಿಯೇ ಬೇಡ, ನಾವು ಅದನ್ನು ಜೀವಂತ ಮಾಡಿಸಿ ಕೊಡುತ್ತೇವೆ, ಇಷ್ಟು ಲಕ್ಷ ಕೊಡಿ’ ಎಂದು ಫೋನ್ ಮಾಡುವವರ ಮಾತು ನಿಜವೇ?

ಚಿಕ್ಕ ಉತ್ತರ ಹೀಗಿದೆ. ಕಾಗದಕ್ಕೆ ಜೀವ ಬರುವುದಿಲ್ಲ. ಆದರೆ ಆ ಕಾಗದದ ಹಿಂದೆ ನಡೆದ ಒಂದು ‘ಎಣಿಕೆ’ ಕೆಲವರ ಪಾಲಿಗೆ ಇನ್ನೂ ಉಳಿದಿರಬಹುದು. ಅದು ಉಳಿದಿದ್ದರೆ ಲಾಟರಿ ತಪ್ಪುತ್ತದೆ ಎಂಬುದು ನಿಜ. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಲಾಟರಿಗಿಂತ ದೊಡ್ಡದೊಂದು ಅಡ್ಡಗೋಡೆ ಎದ್ದಿತು. ಅದನ್ನು ಹೇಳದೆ ಹಣ ಕೇಳುವವರು ಅರ್ಧ ಸತ್ಯ ಮಾತ್ರ ಹೇಳುತ್ತಿದ್ದಾರೆ.

ಯಾವ ಕಾಗದ ಯಾವುದು?

ಎಚ್‌-1ಬಿ ಎಂಬುದು ಪದವಿ ಬೇಕಾಗುವ ವಿಶೇಷ ಪರಿಣತಿಯ ಕೆಲಸಕ್ಕೆ ಅಮೆರಿಕ ಕೊಡುವ ತಾತ್ಕಾಲಿಕ ವೀಸಾ. 1990ರ ವಲಸೆ ಕಾಯ್ದೆಯಲ್ಲಿ ಇದು ಈಗಿನ ರೂಪಕ್ಕೆ ಬಂತು. ಇದರಲ್ಲಿ ಮೂರು ಹಂತಗಳಿವೆ, ಮೂರೂ ಬೇರೆ ಬೇರೆ ಕಡೆ ನಡೆಯುತ್ತವೆ. ಬಹಳಷ್ಟು ಗೊಂದಲ ಇಲ್ಲಿಂದಲೇ ಶುರುವಾಗುತ್ತದೆ.

ಮೊದಲನೆಯದು, ಕಂಪನಿ ಅಮೆರಿಕದ ಕಾರ್ಮಿಕ ಇಲಾಖೆಗೆ ಕೊಡುವ ಎಲ್‌ಸಿಎ ಎಂಬ ಘೋಷಣೆ. ಇಂಥ ಊರಿನಲ್ಲಿ, ಇಂಥ ಕೆಲಸಕ್ಕೆ, ಇಷ್ಟು ಸಂಬಳ ಕೊಡುತ್ತೇವೆ ಎಂಬ ಮಾತು ಅದರಲ್ಲಿರುತ್ತದೆ.

ಎರಡನೆಯದು, ಅದೇ ಕಂಪನಿ ಯುಎಸ್‌ಸಿಐಎಸ್ ಎಂಬ ವಲಸೆ ಇಲಾಖೆಗೆ ಐ-129 ನಮೂನೆಯಲ್ಲಿ ಹಾಕುವ ಅರ್ಜಿ. ಅದು ಒಪ್ಪಿಗೆಯಾದರೆ ಬರುವುದೇ ಐ-797 ಎಂಬ ಮಂಜೂರಾತಿ ಪತ್ರ. ನಮ್ಮ ಮನೆಗಳ ಪೆಟ್ಟಿಗೆಯಲ್ಲಿರುವುದು ಸಾಮಾನ್ಯವಾಗಿ ಇದೇ. ಅದರ ಮೇಲೆ ಮೂರು ಅಕ್ಷರ, ಹತ್ತು ಅಂಕಿಗಳ ರಸೀದಿ ಸಂಖ್ಯೆ ಇರುತ್ತದೆ. ಯಾವ ದಿನದಿಂದ ಯಾವ ದಿನದವರೆಗೆ ಎಂದೂ ಬರೆದಿರುತ್ತದೆ. ಒಂದು ಅರ್ಜಿಗೆ ಹೆಚ್ಚೆಂದರೆ 3 ವರ್ಷದ ಅವಧಿ.

ಮೂರನೆಯದು, ಚೆನ್ನೈನಂಥ ಕಡೆ ಇರುವ ಅಮೆರಿಕದ ದೂತಾವಾಸ ಪಾಸ್‌ಪೋರ್ಟ್‌ನಲ್ಲಿ ಅಂಟಿಸಿ ಕೊಡುವ ವೀಸಾ. ಇದನ್ನೇ ಜನ ‘ಸ್ಟ್ಯಾಂಪಿಂಗ್’ ಎನ್ನುವುದು.

ಗಮನಿಸಬೇಕಾದ ಅಂಶವೆಂದರೆ, ಎರಡನೆಯ ಕಾಗದ ಕಂಪನಿಯದು, ಕೆಲಸಗಾರನದಲ್ಲ. ಅರ್ಜಿದಾರ ಕಂಪನಿ, ಕೆಲಸಗಾರ ಅದರ ಫಲಾನುಭವಿ ಮಾತ್ರ. ‘ಎ’ ಕಂಪನಿಯ ಮಂಜೂರಾತಿ ಹಿಡಿದು ‘ಬಿ’ ಕಂಪನಿಯ ಕೆಲಸಕ್ಕೆ ಹೋಗಲು ಬರುವುದಿಲ್ಲ. ಅವಧಿ ಮುಗಿದ ಮಂಜೂರಾತಿಯನ್ನು ಹಿಡಿದು ಎಲ್ಲಿಗೂ ಹೋಗಲು ಬರುವುದಿಲ್ಲ.

ಬಳಕೆಯಾಗದೆ ಉಳಿದದ್ದೇಕೆ?

ಮಂಜೂರಾತಿ ಸಿಕ್ಕೂ ಹೋಗದೆ ಉಳಿದವರ ಹಿಂದೆ ಬೇರೆ ಬೇರೆ ಕಾಲದ ಬೇರೆ ಬೇರೆ ಕಾರಣಗಳಿವೆ.

2007 ಮತ್ತು 2008ರ ಏಪ್ರಿಲ್ ತಿಂಗಳಲ್ಲಿ ಎಚ್‌-1ಬಿಗೆ ಭಾರೀ ನೂಕುನುಗ್ಗಲು. ಬಾಗಿಲು ತೆರೆದ ಮೊದಲ ದಿನಗಳಲ್ಲೇ ಮಿತಿಗಿಂತ ಹೆಚ್ಚು ಅರ್ಜಿಗಳು ಬಂದು ಲಾಟರಿ ಎತ್ತಬೇಕಾಯಿತು. ಅದೃಷ್ಟ ಒಲಿದವರು ಅಕ್ಟೋಬರ್ 1ರಿಂದ ಕೆಲಸಕ್ಕೆ ಹೋಗಬಹುದಿತ್ತು. ಆದರೆ 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದು, ಕೆಲಸಗಳೇ ಇಲ್ಲದಂತಾಯಿತು.

2010ರ ಜನವರಿಯಲ್ಲಿ ಯುಎಸ್‌ಸಿಐಎಸ್ ಹೊಸ ಸುತ್ತೋಲೆ ಹೊರಡಿಸಿತು. ಬೇರೆ ಕಂಪನಿಯ ಜಾಗದಲ್ಲಿ ಕೆಲಸಗಾರರನ್ನು ಇರಿಸುವ ಕನ್ಸಲ್ಟೆನ್ಸಿಗಳು ತಾವೇ ನಿಜವಾದ ಮಾಲೀಕರು ಎಂದು ಪುರಾವೆ ಸಹಿತ ತೋರಿಸಬೇಕಾಯಿತು. ದೂತಾವಾಸದಲ್ಲೂ ಕರಾರುಪತ್ರ ತನ್ನಿ, ಗ್ರಾಹಕ ಕಂಪನಿಯ ಪತ್ರ ತನ್ನಿ ಎಂದು 221(ಜಿ) ಚೀಟಿ ಕೊಟ್ಟು ಕಳಿಸುವುದು ಸಾಮಾನ್ಯವಾಯಿತು. ಆ ಪತ್ರಗಳು ಬಾರದೆ ಎಷ್ಟೋ ಜನರ ಮಂಜೂರಾತಿ ಅಲ್ಲೇ ನಿಂತಿತು. ಆ ಸುತ್ತೋಲೆಯನ್ನು 2020ರ ಜೂನ್‌ನಲ್ಲಿ ಹಿಂತೆಗೆದುಕೊಳ್ಳಲಾಯಿತು.

ಅಷ್ಟರಲ್ಲಿ ಕೊರೊನಾ ಬಂದಿತ್ತು. 2020ರ ಮಾರ್ಚ್‌ನಲ್ಲಿ ದೂತಾವಾಸಗಳು ಮಾಮೂಲಿ ವೀಸಾ ಕೆಲಸ ನಿಲ್ಲಿಸಿದವು. ಜೂನ್ 22ರಂದು ಅಮೆರಿಕದ ಅಧ್ಯಕ್ಷರು ಹೊಸ ಎಚ್‌-1ಬಿ ಪ್ರವೇಶವನ್ನೇ ತಡೆದರು. ಆ ತಡೆ 2021ರ ಮಾರ್ಚ್ 31ರವರೆಗೆ ಇತ್ತು. 2019, 2020ರಲ್ಲಿ ಮಂಜೂರಾದವರ ಪೈಕಿ ಕಾಯುತ್ತ ಕುಳಿತು ಕೊನೆಗೆ ಆಸೆ ಬಿಟ್ಟವರಿದ್ದಾರೆ.

ಇದಲ್ಲದೆ ಮದುವೆ, ಹೆರಿಗೆ, ತಂದೆ-ತಾಯಿಯ ಕಾಯಿಲೆ ಎಂದು ಉಳಿದವರೂ ಇದ್ದಾರೆ. ಯಾವ ಕಾರಣಕ್ಕೆ ಹೋಗಲಿಲ್ಲ ಎಂಬುದಕ್ಕಿಂತ, ಅರ್ಜಿ ಆಮೇಲೆ ಏನಾಯಿತು ಎಂಬುದೇ ಮುಖ್ಯ.

‘ಎಣಿಕೆ’ ಎಂದರೇನು?

ಅಮೆರಿಕ ವರ್ಷಕ್ಕೆ 65,000 ಹೊಸ ಎಚ್‌-1ಬಿ ಎಂದು ಮಿತಿ ಹಾಕಿದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆಂದು ಇನ್ನೂ 20,000 ಉಂಟು. 2001ರಿಂದ 2003ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಮಿತಿ 1,95,000ಕ್ಕೆ ಏರಿತ್ತು. ನಂತರ ಮತ್ತೆ ಕೆಳಗಿಳಿಯಿತು.

2020ರಿಂದ ಮೊದಲು ಆನ್‌ಲೈನ್ ನೋಂದಣಿ, ಆಮೇಲೆ ಲಾಟರಿ, ಆರಿಸಿ ಬಂದವರಿಗೆ ಮಾತ್ರ ಅರ್ಜಿ ಎಂಬ ಕ್ರಮ ಬಂದಿದೆ. ನೋಂದಣಿ ನಡೆಯುವುದು ಮಾರ್ಚ್ ತಿಂಗಳಲ್ಲಿ, ಹೆಚ್ಚುಕಡಿಮೆ ಇಲ್ಲಿ ಪಂಗುನಿ ಉತ್ತಿರದ ಪಾದಯಾತ್ರೆ ಹೊರಡುವ ಹೊತ್ತಿಗೆ. 2024ನೇ ಆರ್ಥಿಕ ವರ್ಷಕ್ಕೆ ಅರ್ಹ ನೋಂದಣಿಗಳು 7,58,994 ಇದ್ದವು. ಒಬ್ಬರ ಹೆಸರಿನಲ್ಲಿ ಹಲವು ಕಂಪನಿಗಳು ನೋಂದಾಯಿಸಿ ಅವಕಾಶ ಹೆಚ್ಚಿಸಿಕೊಳ್ಳುವುದನ್ನು ತಡೆಯಲು 2024ರಲ್ಲಿ ನಿಯಮ ಬದಲಾಯಿತು. ಪಾಸ್‌ಪೋರ್ಟ್ ಆಧಾರದಲ್ಲಿ ಒಬ್ಬರಿಗೆ ಒಂದೇ ಅವಕಾಶ ಎಂದಾಯಿತು. 2026ನೇ ಆರ್ಥಿಕ ವರ್ಷಕ್ಕೆ ಅರ್ಹ ನೋಂದಣಿಗಳು 3,43,981ಕ್ಕೆ ಇಳಿದವು; ಅವುಗಳಲ್ಲಿ 1,20,141 ಆಯ್ಕೆಯಾದವು. 2025ರ ಡಿಸೆಂಬರ್‌ನಲ್ಲಿ ಇನ್ನೊಂದು ನಿಯಮ ಪ್ರಕಟವಾಯಿತು. ಅದರ ಪ್ರಕಾರ ಸಂಬಳದ ದರ್ಜೆ ಮೇಲಿದ್ದಷ್ಟೂ ಆಯ್ಕೆಯ ಅವಕಾಶ ಹೆಚ್ಚು. ನಾಲ್ಕನೇ ದರ್ಜೆಯವರ ಹೆಸರು ನಾಲ್ಕು ಸಲ, ಮೊದಲ ದರ್ಜೆಯವರ ಹೆಸರು ಒಂದೇ ಸಲ ಲಾಟರಿಗೆ ಸೇರುತ್ತದೆ. ಹೊಸಬರಿಗೆ, ಕಡಿಮೆ ಸಂಬಳದವರಿಗೆ ದಾರಿ ಕಿರಿದಾಯಿತು ಎಂದೇ ಅರ್ಥ.

ಇಂಥ ಹೊತ್ತಿನಲ್ಲಿ ಹಳೆಯ ಎಣಿಕೆಗೆ ಬೆಲೆ ಬರುವುದು ಸಹಜ. ಮಿತಿಯೊಳಗೆ ಒಮ್ಮೆ ಎಣಿಸಲ್ಪಟ್ಟವರನ್ನು ಮತ್ತೆ ಎಣಿಸಬೇಕಾಗಿಲ್ಲ ಎನ್ನುತ್ತದೆ ಅಮೆರಿಕದ ಕಾನೂನು. ಎಣಿಸಬೇಕಾಗಿಲ್ಲ ಎಂದರೆ ಲಾಟರಿ ಬೇಡ, ಮಾರ್ಚ್‌ಗಾಗಿ ಕಾಯಬೇಕಿಲ್ಲ, ಅಕ್ಟೋಬರ್ 1ರವರೆಗೆ ಕೂರಬೇಕಿಲ್ಲ. ವರ್ಷದ ಯಾವ ತಿಂಗಳಲ್ಲಾದರೂ ಕಂಪನಿ ಅರ್ಜಿ ಹಾಕಬಹುದು.

ಮತದಾರರ ಪಟ್ಟಿಯಲ್ಲಿ ಹೆಸರು ಇರುವುದು ಬೇರೆ, ಕೈಯಲ್ಲಿ ಗುರುತಿನ ಚೀಟಿ ಇರುವುದು ಬೇರೆ ಅಲ್ಲವೇ? ಇದೂ ಹಾಗೆಯೇ. ಐ-797 ಕಾಗದದ ಅವಧಿ ಮುಗಿದರೂ, ಎಣಿಕೆಯ ಪಟ್ಟಿಯಲ್ಲಿ ಹೆಸರು ಉಳಿದಿರಬಹುದು.

ಆರು ವರ್ಷದ ಲೆಕ್ಕ

ಎಚ್‌-1ಬಿಯಲ್ಲಿ ಒಬ್ಬರು ಒಟ್ಟು 6 ವರ್ಷ ಅಮೆರಿಕದಲ್ಲಿರಬಹುದು (ಗ್ರೀನ್ ಕಾರ್ಡ್ ಪ್ರಕ್ರಿಯೆ ನಡೆಯುತ್ತಿರುವವರಿಗೆ ಬೇರೆ ವಿನಾಯಿತಿಗಳಿವೆ). ಈ ಆರು ಮತ್ತು ಹಳೆಯ ಎಣಿಕೆಯ ಆರು ಒಂದಕ್ಕೊಂದು ಬೆರೆತು ಗೊಂದಲವಾಗುತ್ತದೆ. ನಾಲ್ಕು ಬಗೆಯವರನ್ನು ಬೇರೆ ಬೇರೆಯಾಗಿ ನೋಡುವುದು ಒಳ್ಳೆಯದು.

ಒಂದು: ಹೋಗಲಿಲ್ಲ, ಆದರೆ ಮಂಜೂರಾತಿಯ ಅವಧಿ ಇನ್ನೂ ಇದೆ. ಅದೇ ಕಂಪನಿ, ಅದೇ ಕೆಲಸ ಈಗಲೂ ಇದೆ ಎಂದಾದರೆ ಹೊಸ ಅರ್ಜಿಯೇ ಬೇಡ. ಆ ಮಂಜೂರಾತಿ ಹಿಡಿದೇ ದೂತಾವಾಸಕ್ಕೆ ಹೋಗಬಹುದು. ಕಂಪನಿ ಅರ್ಜಿಯನ್ನು ಹಿಂತೆಗೆದುಕೊಂಡಿಲ್ಲ ಎಂಬುದನ್ನು ಮಾತ್ರ ಮೊದಲೇ ಖಚಿತ ಮಾಡಿಕೊಳ್ಳಬೇಕು.

ಎರಡು: ಒಮ್ಮೆಯೂ ಹೋಗಲಿಲ್ಲ, ಅವಧಿಯೂ ಮುಗಿದಿದೆ. ಇವರಿಗೆ ಹೊಸ ಕಂಪನಿಯ ಹೊಸ ಅರ್ಜಿ ಬೇಕು. ಆ ಹೊಸ ಅರ್ಜಿ ಮಂಜೂರಾಗುವ ದಿನಕ್ಕೆ ಹಿಂದಿನ 6 ವರ್ಷದೊಳಗೆ ಅವರ ಎಣಿಕೆ ಆಗಿರಬೇಕು. ಅರ್ಜಿ ಹಾಕುವ ದಿನವಲ್ಲ, ಮಂಜೂರಾಗುವ ದಿನ ಎಂಬುದನ್ನು ನೆನಪಿಡಬೇಕು. 2008ರಲ್ಲೋ 2012ರಲ್ಲೋ ಮಂಜೂರಾಗಿ ಒಮ್ಮೆಯೂ ಹೋಗದವರ ಕಾಗದಕ್ಕೆ ಈಗ ಈ ದಾರಿಯಲ್ಲಿ ಬೆಲೆ ಇಲ್ಲ. 2020ರಲ್ಲಿ ಎಣಿಕೆಯಾದವರ ಗಡುವು 2026ರಲ್ಲಿ, 2022ರವರದು 2028ರಲ್ಲಿ ಮುಗಿಯುತ್ತದೆ.

ಈ ಎರಡನೇ ಬಗೆಯವರಿಗೆ ಇನ್ನೊಂದು ತೊಡಕಿದೆ. ಹೊಸ ಅರ್ಜಿಯ ಹೊತ್ತಿಗೆ ಪೂರ್ತಿ 6 ವರ್ಷದ ವಾಸಕ್ಕೆ ಅರ್ಹರಾಗಿರುವವರಿಗೆ ಈ ವಿನಾಯಿತಿ ಇಲ್ಲ ಎಂಬ ಮಾತು ಅದೇ ಕಾನೂನಿನ ಕೊನೆಯಲ್ಲಿದೆ. ಹೋಗಿ ಬಂದವರು ಒಂದು ವರ್ಷ ಹೊರಗಿದ್ದು ಹೊಸದಾಗಿ 6 ವರ್ಷ ಕೇಳಿದರೆ ಮತ್ತೆ ಎಣಿಸಬೇಕು ಎಂಬುದು ಇದರ ಸಾಮಾನ್ಯ ಅರ್ಥ. ಆದರೆ ಒಮ್ಮೆಯೂ ಹೋಗದವರು ಕೂಡ ಪೂರ್ತಿ 6 ವರ್ಷಕ್ಕೆ ಅರ್ಹರೇ ತಾನೆ ಎಂಬ ವಾದಕ್ಕೂ ಇಲ್ಲಿ ಎಡೆಯಿದೆ. ಹೋಗದವರಿಗೂ ಹಳೆಯ ಎಣಿಕೆ ಸಲ್ಲುತ್ತದೆ ಎಂಬ ನೆಲೆಯಲ್ಲಿ ಅಮೆರಿಕದ ವಕೀಲರು ಅರ್ಜಿ ಹಾಕುತ್ತ ಬಂದಿದ್ದಾರೆ. ಆದರೂ ಕೊನೆಯ ತೀರ್ಮಾನ ಆಯಾ ಅರ್ಜಿ ನೋಡುವ ಅಧಿಕಾರಿಯದು. ‘ಗ್ಯಾರಂಟಿ’ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ.

ಮೂರು: ಹೋಗಿ, ಕೆಲ ಕಾಲ ಇದ್ದು, ಹಿಂದಿರುಗಿದವರು. ಇವರ ಸ್ಥಿತಿ ಹೆಚ್ಚು ಗಟ್ಟಿ. 2006ರ ಡಿಸೆಂಬರ್‌ನಲ್ಲಿ ಯುಎಸ್‌ಸಿಐಎಸ್ ಹೊರಡಿಸಿದ ಸುತ್ತೋಲೆ ಇವರಿಗೆ ಎರಡು ಆಯ್ಕೆ ಕೊಟ್ಟಿತು. ಉಳಿದ ಅವಧಿಯನ್ನು ಲಾಟರಿ ಇಲ್ಲದೆ ಬಳಸಬಹುದು. ಇಲ್ಲವೇ ಒಂದು ವರ್ಷ ಹೊರಗಿದ್ದವರು ಮತ್ತೆ ಲಾಟರಿ ಹಾದು ಹೊಸ 6 ವರ್ಷ ಕೇಳಬಹುದು.

ಲೆಕ್ಕ ಹೀಗೆ ಮಾಡಬೇಕು. 2014ರ ಅಕ್ಟೋಬರ್‌ನಲ್ಲಿ ಹೋಗಿ 2017ರ ಫೆಬ್ರವರಿಯಲ್ಲಿ ಬಂದವರು 2 ವರ್ಷ 4 ತಿಂಗಳು ಬಳಸಿದ್ದಾರೆ. ಉಳಿದದ್ದು 3 ವರ್ಷ 8 ತಿಂಗಳು. ಅಮೆರಿಕದ ನೆಲದಲ್ಲಿದ್ದ ದಿನಗಳನ್ನು ಮಾತ್ರ ಎಣಿಸುವುದರಿಂದ, ನಡುವೆ ತಂಗಿಯ ಮದುವೆಗೆಂದು 40 ದಿನ ಊರಿಗೆ ಬಂದಿದ್ದರೆ ಆ 40 ದಿನವೂ ಉಳಿಕೆಗೆ ಸೇರುತ್ತದೆ. ಪಾಸ್‌ಪೋರ್ಟ್‌ನ ಮುದ್ರೆ, ವಿಮಾನದ ಟಿಕೆಟ್ ಇದಕ್ಕೆ ಪುರಾವೆ. ಎಲ್‌-1 ವೀಸಾದಲ್ಲಿ ಇದ್ದ ಕಾಲವನ್ನೂ 6 ವರ್ಷದಲ್ಲಿ ಕಳೆಯುತ್ತಾರೆ. ಗಂಡನ ಜೊತೆ ಎಚ್‌-4ರಲ್ಲಿ ಇದ್ದ ಕಾಲವನ್ನು ಕಳೆಯುವುದಿಲ್ಲ.

ನಾಲ್ಕು: ವಿಶ್ವವಿದ್ಯಾಲಯ ಅಥವಾ ಲಾಭದ ಉದ್ದೇಶವಿಲ್ಲದ ಸಂಶೋಧನಾ ಸಂಸ್ಥೆಯ ಮೂಲಕ ಮಂಜೂರಾದವರು. ಆ ಸಂಸ್ಥೆಗಳಿಗೆ ವಾರ್ಷಿಕ ಮಿತಿಯೇ ಇಲ್ಲ. ಹಾಗಾಗಿ ಇವರ ಎಣಿಕೆ ನಡೆದೇ ಇಲ್ಲ. ಖಾಸಗಿ ಕಂಪನಿಗೆ ಹೋಗಬೇಕೆಂದರೆ ಇವರೂ ಲಾಟರಿಯ ಸಾಲಿಗೇ ನಿಲ್ಲಬೇಕು.

ಎಣಿಕೆ ಅಳಿಸಿಹೋಗುವುದೂ ಉಂಟು

ಮಂಜೂರಾತಿ ಪತ್ರ ಕೈಯಲ್ಲಿದೆ ಎಂದ ಮಾತ್ರಕ್ಕೆ ಎಣಿಕೆ ಉಳಿದಿದೆ ಎನ್ನಲಾಗದು. ಮಂಜೂರಾದ ಅರ್ಜಿ ಬಳಕೆಯಾಗದಿದ್ದರೆ ಕಂಪನಿ ಇಲಾಖೆಗೆ ತಿಳಿಸಬೇಕು ಎಂಬ ನಿಯಮವಿದೆ. ಆಗ ಅರ್ಜಿ ರದ್ದಾಗುತ್ತದೆ, ಆ ಸಂಖ್ಯೆಯನ್ನು ಇಲಾಖೆ ಲೆಕ್ಕಕ್ಕೆ ವಾಪಸು ತೆಗೆದುಕೊಳ್ಳಬಹುದು. ಕೆಲಸ ಶುರುವಾಗುವ ದಿನಕ್ಕೆ ಮೊದಲೇ ಕಂಪನಿ ಹಿಂತೆಗೆದುಕೊಂಡಿದ್ದರೆ ಅನುಮಾನ ಹೆಚ್ಚು.

ದೂತಾವಾಸ 221(ಜಿ) ಕೊಟ್ಟ ಮೇಲೆ ದಾಖಲೆ ತೃಪ್ತಿಕರವಾಗದಿದ್ದರೆ ಅರ್ಜಿಯನ್ನು ಯುಎಸ್‌ಸಿಐಎಸ್‌ಗೆ ಹಿಂದಕ್ಕೆ ಕಳಿಸುತ್ತದೆ. ಅಲ್ಲಿಂದ ಕಂಪನಿಗೆ ರದ್ದತಿಯ ನೋಟಿಸ್ ಹೋಗುತ್ತದೆ. ಎಷ್ಟೋ ಸಲ ಕಂಪನಿ ಉತ್ತರ ಕೊಡುವುದಿಲ್ಲ, ಕೆಲಸಗಾರನಿಗೆ ಸುದ್ದಿಯೂ ಮುಟ್ಟುವುದಿಲ್ಲ. ಮೋಸ ಅಥವಾ ಸುಳ್ಳು ದಾಖಲೆಯ ಕಾರಣಕ್ಕೆ ರದ್ದಾಗಿದ್ದರೆ ಎಣಿಕೆಯೂ ಹೋಯಿತು, ಮುಂದಿನ ದಾರಿಗೂ ಮುಳ್ಳು ಬಿತ್ತು ಎಂದೇ ತಿಳಿಯಬೇಕು.

ಇದನ್ನು ನೋಡಲು ಮೊದಲ ಹೆಜ್ಜೆ ಸುಲಭ. ಯುಎಸ್‌ಸಿಐಎಸ್ ಜಾಲತಾಣದಲ್ಲಿ ‘ಕೇಸ್ ಸ್ಟೇಟಸ್’ ಎಂಬಲ್ಲಿ ಐ-797ರ ರಸೀದಿ ಸಂಖ್ಯೆ ಹಾಕಿದರೆ ಅರ್ಜಿಯ ಸ್ಥಿತಿ ತಿಳಿಯುತ್ತದೆ. ಇದಕ್ಕೆ ಒಂದು ಪೈಸೆಯೂ ಬೇಡ. ಮನೆಯಲ್ಲಿ ಕುಳಿತು ಮೊಬೈಲಿನಲ್ಲೇ ನೋಡಬಹುದು. ಮಂಜೂರು ಎಂದು ತೋರಿಸಿದರೆ ಒಳ್ಳೆಯ ಲಕ್ಷಣ. ಆದರೆ ಅದೊಂದೇ ಪೂರ್ತಿ ಸಾಕ್ಷಿಯಲ್ಲ. ರದ್ದು ಅಥವಾ ಹಿಂತೆಗೆತ ಎಂದಿದ್ದರೆ ವಕೀಲರ ಬಳಿ ಹೋಗುವಾಗ ಆ ಮಾತನ್ನೇ ಮೊದಲು ಹೇಳಬೇಕು.

ಹೊಸ ಕಂಪನಿ ಮಾಡಬೇಕಾದ್ದು

ಹಳೆಯ ಎಣಿಕೆ ಇದ್ದರೂ ಕೆಲಸ ಕೊಡುವ ಕಂಪನಿ ಇಲ್ಲದೆ ಏನೂ ನಡೆಯದು. ಹೊಸ ಕಂಪನಿ ಮೊದಲಿನಿಂದ ಎಲ್ಲವನ್ನೂ ಮಾಡಬೇಕು: ಹೊಸ ಎಲ್‌ಸಿಎ, ಹೊಸ ಐ-129, ಹೊಸ ಶುಲ್ಕ. ಐ-129ರಲ್ಲಿ ವಾರ್ಷಿಕ ಮಿತಿಯ ಬಗ್ಗೆ ಕೇಳುವ ಭಾಗದಲ್ಲಿ ಇವರು ಹಿಂದೆಯೇ ಎಣಿಸಲ್ಪಟ್ಟವರು ಎಂದು ತಿಳಿಸಿ, ಹಳೆಯ ಐ-797 ಪ್ರತಿಯನ್ನು ಲಗತ್ತಿಸಬೇಕು. ಅದಕ್ಕಾಗಿಯೇ ಆ ಹಳೆಯ ಕಾಗದವನ್ನು ಎಸೆಯಬಾರದು.

ಕೆಲಸಕ್ಕೂ ಓದಿಗೂ ಹೊಂದಾಣಿಕೆ ಇರಬೇಕು ಎಂಬ ಮೂಲ ನಿಯಮವೂ ಹಾಗೇ ಇದೆ. ಇಲ್ಲಿನ ಕಾಲೇಜಿನಲ್ಲಿ 3 ವರ್ಷದ ಬಿ.ಎಸ್‌ಸಿ. ಮಾಡಿದವರು ಅದನ್ನು ಅಮೆರಿಕದ 4 ವರ್ಷದ ಪದವಿಗೆ ಸಮ ಎಂದು ತೋರಿಸಬೇಕಾಗುತ್ತದೆ. ಕೊರತೆಯಿರುವ ಒಂದು ವರ್ಷದ ಓದಿಗೆ ಬದಲಾಗಿ 3 ವರ್ಷದ ಸಂಬಂಧಪಟ್ಟ ಅನುಭವವನ್ನು ಪರಿಗಣಿಸುವ ಕ್ರಮ ಇದೆ. ಹಿಂದೊಮ್ಮೆ ಮಂಜೂರಾಗಿತ್ತು ಎಂಬುದರಿಂದ ಹೊಸ ಅಧಿಕಾರಿ ಕಣ್ಣುಮುಚ್ಚಿ ಒಪ್ಪಬೇಕೆಂದೇನಿಲ್ಲ.

ಸೆಪ್ಟೆಂಬರ್ 2025ರ ಅಡ್ಡಗೋಡೆ

2025ರ ಸೆಪ್ಟೆಂಬರ್ 19ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದು ಘೋಷಣೆಗೆ ಸಹಿ ಹಾಕಿದರು. ಸೆಪ್ಟೆಂಬರ್ 21ರಿಂದ ಹಾಕುವ ಹೊಸ ಎಚ್‌-1ಬಿ ಅರ್ಜಿಗೆ 1,00,000 ಡಾಲರ್ ಕಟ್ಟಬೇಕು ಎಂಬುದು ಅದರ ಸಾರ. ಡಾಲರಿಗೆ 90 ರೂಪಾಯಿ ಎಂದು ಹಿಡಿದರೆ 90 ಲಕ್ಷ ರೂಪಾಯಿ. ಮಂಜೂರಾಗುವ ಎಚ್‌-1ಬಿ ಅರ್ಜಿಗಳಲ್ಲಿ ಹತ್ತಕ್ಕೆ ಏಳರಷ್ಟು ಭಾರತೀಯರದ್ದೇ ಆಗಿರುವುದರಿಂದ ಪೆಟ್ಟು ಹೆಚ್ಚಾಗಿ ಬಿದ್ದದ್ದು ಇಲ್ಲಿಯವರಿಗೆ.

ಯಾರಿಗೆ ಅನ್ವಯ ಎಂಬುದನ್ನು ಯುಎಸ್‌ಸಿಐಎಸ್ ಅಕ್ಟೋಬರ್ 20ರಂದು ಬಿಡಿಸಿ ಹೇಳಿತು. ಅಮೆರಿಕದ ಹೊರಗಿದ್ದು, ಕೈಯಲ್ಲಿ ಚಾಲ್ತಿ ಎಚ್‌-1ಬಿ ವೀಸಾ ಇಲ್ಲದವರಿಗಾಗಿ ಹಾಕುವ ಹೊಸ ಅರ್ಜಿಗಳಿಗೆ ಈ ಹಣ ಅನ್ವಯ. ಲಾಟರಿಯಿಂದ ವಿನಾಯಿತಿ ಇರುವುದು ಬೇರೆ, ಈ ಹಣದಿಂದ ವಿನಾಯಿತಿ ಇರುವುದು ಬೇರೆ. ಮೇಲೆ ಹೇಳಿದ ಎರಡನೇ ಮತ್ತು ಮೂರನೇ ಬಗೆಯವರು ಊರಿನಲ್ಲಿ ಕುಳಿತು ಹೊಸ ಕಂಪನಿಯಿಂದ ಅರ್ಜಿ ಹಾಕಿಸಿದರೆ, ಲಾಟರಿ ತಪ್ಪಿದರೂ ಲಕ್ಷ ಡಾಲರ್ ತಪ್ಪುವುದಿಲ್ಲ. ಫೋನ್ ಮಾಡುವವರು ಹೇಳದೆ ಬಿಡುವ ಅರ್ಧ ಇದೇ.

ಹಾಗಾದರೆ ಯಾರಿಗೆ ಇದು ತಾಗುವುದಿಲ್ಲ?

ಸೆಪ್ಟೆಂಬರ್ 21ಕ್ಕಿಂತ ಮೊದಲೇ ಹಾಕಿದ ಅರ್ಜಿಯ ಮಂಜೂರಾತಿ, ಅವಧಿ ಮುಗಿಯದೆ ಇನ್ನೂ ಊರ್ಜಿತದಲ್ಲಿದ್ದರೆ ಹೊಸ ಹಣ ಇಲ್ಲ. 2025ರ ಮಾರ್ಚ್ ಲಾಟರಿಯಲ್ಲಿ ಆಯ್ಕೆಯಾಗಿ, ಅಕ್ಟೋಬರ್‌ನಿಂದ 3 ವರ್ಷದ ಮಂಜೂರಾತಿ ಪಡೆದವರ ಅವಧಿ 2028ರ ಸೆಪ್ಟೆಂಬರ್‌ವರೆಗೆ ಇರುತ್ತದೆ. ಇಂಥವರ ಕಾಗದವೇ ಎಲ್ಲಕ್ಕಿಂತ ಬೆಲೆಬಾಳುವುದು. ಆ ಕಂಪನಿಯ ಜೊತೆ ಜಗಳವಾಡಿಕೊಂಡು ಬಿಡುವ ಮೊದಲು ಎರಡು ಸಲ ಯೋಚಿಸಬೇಕು.

ಪಾಸ್‌ಪೋರ್ಟ್‌ನಲ್ಲಿ ಎಚ್‌-1ಬಿ ವೀಸಾ ಅಂಟಿ, ಅದರ ದಿನಾಂಕ ಇನ್ನೂ ಮುಗಿಯದವರಿಗೂ ಹಣ ಅನ್ವಯಿಸದು. ಹಳೆ ಕಂಪನಿಯ ಹೆಸರಿನ ವೀಸಾ ಆದರೂ, ಹೊಸ ಕಂಪನಿಯ ಮಂಜೂರಾತಿ ಜೊತೆಗಿಟ್ಟುಕೊಂಡು ಪ್ರವೇಶ ಕೇಳಲು ಅವಕಾಶವಿದೆ.

ಈಗಾಗಲೇ ಅಮೆರಿಕದೊಳಗೆ ವಿದ್ಯಾರ್ಥಿಯಾಗಿಯೋ ಎಚ್‌-4ರಲ್ಲಿ ಪತ್ನಿಯಾಗಿಯೋ ಇರುವವರು ಅಲ್ಲಿಂದಲೇ ಸ್ಥಿತಿ ಬದಲಾವಣೆ ಕೇಳಿ, ಅದು ಮಂಜೂರಾದರೆ ಹಣ ಕಟ್ಟಬೇಕಿಲ್ಲ. ಇದು ಅನೇಕ ಹೆಣ್ಣುಮಕ್ಕಳಿಗೆ ಸಂಬಂಧಿಸಿದ್ದು. ಮದುವೆಗೆ ಮುಂಚೆ ತನ್ನದೇ ಎಚ್‌-1ಬಿ ಮಂಜೂರಾಗಿ, ಅದನ್ನು ಬಳಸದೆ ಗಂಡನ ಜೊತೆ ಎಚ್‌-4ರಲ್ಲಿ ಹೋದವರು, ಆರು ವರ್ಷದ ಗಡುವು ಮುಗಿಯುವ ಮುನ್ನ ಹಳೆಯ ಎಣಿಕೆಯ ಆಧಾರದ ಮೇಲೆ ಕೇಳಿ ನೋಡಬಹುದು. ಆ ಅರ್ಜಿ ತೀರ್ಮಾನವಾಗುವ ಮೊದಲು ಊರಿಗೆ ಬಂದುಬಿಟ್ಟರೆ ಲೆಕ್ಕ ತಲೆಕೆಳಗಾಗುತ್ತದೆ ಎಂಬ ಎಚ್ಚರ ಬೇಕು.

ಈ ಘೋಷಣೆ ಹೊರಟದ್ದು 12 ತಿಂಗಳ ಅವಧಿಗೆ; ಮುಂದುವರಿಸಲೂ ಅವಕಾಶ ಇಟ್ಟುಕೊಂಡೇ ಹೊರಟಿತು. ಇದರ ವಿರುದ್ಧ ಅಮೆರಿಕದ ವಾಣಿಜ್ಯ ಮಂಡಳಿ ಹೂಡಿದ ಮೊಕದ್ದಮೆಯಲ್ಲಿ 2025ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ನಿನ ಜಿಲ್ಲಾ ನ್ಯಾಯಾಲಯ ಸರ್ಕಾರದ ಪರ ತೀರ್ಪು ಕೊಟ್ಟಿತು. ಹಾಗಾಗಿ ಅರ್ಜಿ ಹಾಕುವ ದಿನ ನಿಯಮ ಏನಿದೆ ಎಂಬುದನ್ನು ಯುಎಸ್‌ಸಿಐಎಸ್‌ನ ಎಚ್‌-1ಬಿ ಪುಟದಲ್ಲಿ ನೋಡಿಯೇ ಮುಂದುವರಿಯಬೇಕು. ಹೋದ ವರ್ಷ ಯಾರಿಗೋ ಆಯಿತು ಎಂಬ ಮಾತು ಸಾಲದು.

ಚೆನ್ನೈ ದೂತಾವಾಸದಲ್ಲಿ

ಹೊಸ ಮಂಜೂರಾತಿ ಬಂದ ಮೇಲೂ ಚೆನ್ನೈ ಹಂತ ಉಳಿದಿರುತ್ತದೆ. ಡಿಎಸ್‌-160 ನಮೂನೆ ತುಂಬಿ, 205 ಡಾಲರ್ ವೀಸಾ ಶುಲ್ಕ ಕಟ್ಟಿ, ಬೆರಳಚ್ಚಿಗೆ ಒಂದು ದಿನ, ಸಂದರ್ಶನಕ್ಕೆ ಒಂದು ದಿನ ಹೋಗಬೇಕು. 2025ರ ಸೆಪ್ಟೆಂಬರ್‌ನಿಂದ ಸಂದರ್ಶನವಿಲ್ಲದ ‘ಡ್ರಾಪ್ ಬಾಕ್ಸ್’ ಸೌಲಭ್ಯವನ್ನು ಎಚ್‌-1ಬಿಯವರಿಗೆ ತೆಗೆಯಲಾಯಿತು. ಡಿಸೆಂಬರ್ 15ರಿಂದ ಅರ್ಜಿದಾರರ ಮತ್ತು ಎಚ್‌-4 ಕುಟುಂಬದವರ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಪರಿಶೀಲಿಸುವುದಾಗಿ ಪ್ರಕಟಿಸಲಾಯಿತು. ಇದರಿಂದ ಭಾರತದಲ್ಲಿ ಅನೇಕರ ಸಂದರ್ಶನ ದಿನಗಳು 2026ಕ್ಕೆ ಮುಂದೆ ಹೋದವು.

ಹಿಂದೆ ವೀಸಾ ನಿರಾಕರಣೆಯಾಗಿದೆಯೇ ಎಂಬ ಪ್ರಶ್ನೆ ಡಿಎಸ್‌-160ರಲ್ಲಿ ಇರುತ್ತದೆ. 221(ಜಿ) ಚೀಟಿಯೂ ನಿರಾಕರಣೆಯೇ. ಅದನ್ನು ಮುಚ್ಚಿಡಬೇಡಿ, ದೂತಾವಾಸದ ಕಂಪ್ಯೂಟರಿನಲ್ಲಿ ಅದು ಇದ್ದೇ ಇರುತ್ತದೆ. 2013ರಲ್ಲಿ ಹೇಳಿದ ಕೆಲಸದ ಅನುಭವಕ್ಕೂ ಈಗ ಹೇಳುವ ಅನುಭವಕ್ಕೂ ತಾಳೆಯಾಗದಿದ್ದರೆ ಅಧಿಕಾರಿ ಅಲ್ಲೇ ಹಿಡಿಯುತ್ತಾರೆ. ಬೇಕೆಂದೇ ಸುಳ್ಳು ಹೇಳಿದ್ದು ಸಾಬೀತಾದರೆ ಜೀವನಪರ್ಯಂತ ಪ್ರವೇಶ ನಿರ್ಬಂಧಕ್ಕೆ ಕಾರಣವಾಗಬಹುದು. ನಡುವಿನ ವರ್ಷಗಳಲ್ಲಿ ಕೆಲಸ ಬಿಟ್ಟು ತೋಟ ನೋಡಿಕೊಂಡಿದ್ದರೆ ತೋಟ ನೋಡಿಕೊಂಡೆ ಎಂದೇ ಹೇಳುವುದು ಕ್ಷೇಮ. ಕೊಂಡುತಂದ ಅನುಭವ ಪತ್ರದಿಂದ ಆಗುವ ಹಾನಿ ಖಾಲಿ ವರ್ಷಗಳಿಂದ ಆಗುವುದಿಲ್ಲ.

ಹಣ ಯಾರು ಕೊಡಬೇಕು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಅಮೆರಿಕದ ನಿಯಮದ ಪ್ರಕಾರ ಎಚ್‌-1ಬಿ ಅರ್ಜಿಯ ಖರ್ಚು ಕಂಪನಿಯ ವ್ಯವಹಾರದ ಖರ್ಚು. ಕಂಪನಿಯ ಗಾತ್ರ ನೋಡಿ 750 ಅಥವಾ 1,500 ಡಾಲರ್ ತರಬೇತಿ ಶುಲ್ಕವಿದೆ. ಅದನ್ನು ಕೆಲಸಗಾರನಿಂದ ವಸೂಲು ಮಾಡುವಂತೆಯೇ ಇಲ್ಲ. 500 ಡಾಲರಿನ ವಂಚನೆ ತಡೆ ಶುಲ್ಕವೂ ಕಂಪನಿಯದೇ. ಲಕ್ಷ ಡಾಲರ್ ಕಟ್ಟಬೇಕಾದ್ದೂ ಅರ್ಜಿದಾರ ಕಂಪನಿಯೇ. ಹೋದ ಮೇಲೆ ಕೆಲಸ ಇಲ್ಲ ಎಂದು ಸಂಬಳವಿಲ್ಲದೆ ಕೂರಿಸುವಂತೆಯೂ ಇಲ್ಲ; ಅಮೆರಿಕ ಪ್ರವೇಶಿಸಿದ 30 ದಿನದೊಳಗೆ ಸಂಬಳ ಶುರುವಾಗಬೇಕು.

ಇಲ್ಲಿನ ಕಾನೂನೂ ಸುಮ್ಮನಿಲ್ಲ. 1983ರ ವಲಸೆ ಕಾಯ್ದೆಯಡಿ ವಿದೇಶದ ಕೆಲಸಕ್ಕೆ ಜನರನ್ನು ಸೇರಿಸುವ ಏಜೆಂಟರು ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ನೋಂದಾಯಿತ ಏಜೆಂಟರು ಕೂಡ ಸೇವಾ ಶುಲ್ಕವಾಗಿ ಪಡೆಯಬಹುದಾದ್ದು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ, ಅದೂ ರಸೀದಿ ಸಹಿತ. ಏಜೆಂಟರ ಹೆಸರು ಪಟ್ಟಿಯಲ್ಲಿದೆಯೇ ಎಂದು ವಿದೇಶಾಂಗ ಸಚಿವಾಲಯದ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ನೋಡಬಹುದು. ಚೆನ್ನೈಯಲ್ಲಿ ವಲಸಿಗರ ರಕ್ಷಣಾಧಿಕಾರಿಯ ಕಚೇರಿ ಇದೆ. ದೂರು ಕೊಡಲು ಅಲ್ಲಿ ಅವಕಾಶವಿದೆ.

ಇವೆಲ್ಲವನ್ನು ಕೂಡಿಸಿ ನೋಡಿದರೆ ‘ಹಳೆ ಅಪ್ರೂವಲ್ ಜೀವಂತ ಮಾಡಿಸುವುದಕ್ಕೆ’ ಎಂದು ಐದು ಲಕ್ಷ, ಹತ್ತು ಲಕ್ಷ ಕೇಳುವವರು ಯಾವ ಲೆಕ್ಕದಲ್ಲಿ ಕೇಳುತ್ತಾರೆ ಎಂಬುದಕ್ಕೆ ಉತ್ತರವೇ ಇಲ್ಲ. ಕಂಪನಿ ಕಟ್ಟಬೇಕಾದ ಶುಲ್ಕ ಎಂದರೆ ಕೆಲಸಗಾರನ ಕೈಯಿಂದ ಕೀಳುವುದು ಕಾನೂನಿಗೆ ವಿರುದ್ಧ. ಲಕ್ಷ ಡಾಲರಿನ ಒಂದು ಪಾಲು ಎಂದರೆ ಅದೂ ಸುಳ್ಳು. ಸೇವಾ ಶುಲ್ಕ ಎಂದರೆ ಮಿತಿ ಮೀರಿದೆ.

ಮನೆಯವರು ಈಗ ಮಾಡಬಹುದಾದ್ದು

ಮೊದಲು ಪೆಟ್ಟಿಗೆ ತೆರೆದು ಐ-797, ಹಳೆಯ ಪಾಸ್‌ಪೋರ್ಟ್‌ಗಳು, 221(ಜಿ) ಚೀಟಿ, ಹಳೆಯ ಸಂಬಳದ ಚೀಟಿಗಳನ್ನು ಒಂದೆಡೆ ಇಡಿ. ಹಳೆ ಪಾಸ್‌ಪೋರ್ಟ್‌ನ ಅವಧಿ ಮುಗಿದಿದ್ದರೂ ಎಸೆಯಬೇಡಿ. ಹೊಸ ಪಾಸ್‌ಪೋರ್ಟ್ ಬೇಕಾದರೆ ಮದುರೈ ಪ್ರಾದೇಶಿಕ ಕಚೇರಿಯ ವ್ಯಾಪ್ತಿಯಲ್ಲಿ ಅರ್ಜಿ ಹಾಕಿಕೊಳ್ಳಿ.

ಎರಡನೆಯದಾಗಿ, ಮಂಜೂರಾತಿಯ ಮೇಲಿನ ಮೂರು ಸಂಗತಿ ಬರೆದುಕೊಳ್ಳಿ: ಮಂಜೂರಾದ ದಿನ, ಅವಧಿ ಮುಗಿಯುವ ದಿನ, ಕಂಪನಿಯ ಹೆಸರು. ಅಮೆರಿಕದಲ್ಲಿ ಇದ್ದವರು ಅಲ್ಲಿದ್ದ ದಿನಗಳನ್ನು ಮುದ್ರೆ ನೋಡಿ ಕೂಡಿಸಿ. ಮೇಲಿನ ನಾಲ್ಕು ಬಗೆಯಲ್ಲಿ ತಾವು ಯಾವುದಕ್ಕೆ ಸೇರುತ್ತೇವೆ ಎಂಬುದು ಆಗಲೇ ತಿಳಿಯುತ್ತದೆ.

ಮೂರನೆಯದಾಗಿ, ರಸೀದಿ ಸಂಖ್ಯೆ ಹಾಕಿ ಸ್ಥಿತಿ ನೋಡಿ. ಆ ಪುಟವನ್ನು ಮುದ್ರಿಸಿ ಇಟ್ಟುಕೊಳ್ಳಿ.

ನಾಲ್ಕನೆಯದಾಗಿ, ಕೆಲಸ ಕೊಡುತ್ತೇವೆ ಎನ್ನುವ ಕಂಪನಿಯನ್ನು ನೇರವಾಗಿ ಎರಡು ಪ್ರಶ್ನೆ ಕೇಳಿ. ನನ್ನ ಹಳೆಯ ಎಣಿಕೆಯ ಆಧಾರದ ಮೇಲೆ ಅರ್ಜಿ ಹಾಕುತ್ತೀರಾ? ಲಕ್ಷ ಡಾಲರ್ ಅನ್ವಯಿಸಿದರೆ ನೀವು ಕಟ್ಟುತ್ತೀರಾ? ಎರಡಕ್ಕೂ ಬರವಣಿಗೆಯಲ್ಲಿ ಉತ್ತರ ಬಾರದೆ ಇರುವ ಕೆಲಸ ಬಿಡಬೇಡಿ.

ಕೊನೆಯದಾಗಿ, ಈ ಕಾಗದವನ್ನು ನಂಬಿ ಪಟ್ಟಾ ಅಡವಿಡಬೇಡಿ, ಮನೆಯ ಚಿನ್ನ ಬ್ಯಾಂಕಿಗೆ ಇಡಬೇಡಿ. ಎಣಿಕೆ ಉಳಿದಿದ್ದರೆ ಅದನ್ನು ಬಳಸಿಕೊಳ್ಳಲು ಕೆಲಸಗಾರ ಹಣ ಕೊಡಬೇಕಾಗಿಲ್ಲ. ಎಣಿಕೆ ಹೋಗಿದ್ದರೆ ಎಷ್ಟು ಹಣ ಕೊಟ್ಟರೂ ಅದು ವಾಪಸು ಬರುವುದಿಲ್ಲ.